ಎಂಥ ಹೇಳ್ದ ಅಂವ?

ಹೊಸ ಕನ್ನಡ ಸಿನಿಮಾ, ವೆಬ್ ಸರಣಿ ಬಂದ ಕೂಡಲೇ ಕತೆ ಹೇಗಿದೆ, ಕ್ಯಾಮೆರಾ ಹೇಗಿದೆ, ಕ್ಲೈಮ್ಯಾಕ್ಸ್ ಎಳೆದಿದ್ದಾರಾ ಅಂತ ಎಲ್ಲರೂ ಅಭಿಪ್ರಾಯ ಹೇಳ್ತಾರೆ. ಮಾತು ಕಿವಿಗೆ ಬಿತ್ತಾ ಅಂತ ಮಾತ್ರ ಒಬ್ಬರೂ ಹೇಳೋದಿಲ್ಲ. ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರ ಎಲ್ಲೇ ಆಗಲಿ, ಮನೆಮಂದಿಯೆಲ್ಲ ಕೂತು ಒಟಿಟಿಯಲ್ಲಿ ಒಂದು ಸಿನಿಮಾ ಹಚ್ಚಿದರೆ ಹತ್ತು ನಿಮಿಷದೊಳಗೆ ಆಯಿಯೋ ಅಜ್ಜನೋ ಕೇಳಿಯೇ ಕೇಳ್ತಾರೆ: "ಎಂಥ ಹೇಳ್ದ ಅಂವ?" ರಿಮೋಟ್ ಹಿಡಿದವರು ಹತ್ತು ಸೆಕೆಂಡ್ ಹಿಂದೆ ಒಯ್ದು ಮತ್ತೆ ಕೇಳಿಸ್ತಾರೆ, ಆಗಲೂ ತಿಳಿಯೋದಿಲ್ಲ. ವಾಲ್ಯೂಮ್ ನಲವತ್ತಕ್ಕೆ ಏರಿಸಿ ಆ ಪಿಸುಮಾತು ಹೇಗೋ ಹಿಡಿಯೋ ಹೊತ್ತಿಗೆ ಹೊಡೆದಾಟ ಶುರುವಾಗಿ ಮಲಗಿದ ಮಗು ಎದ್ದು ಅಳ್ತದೆ. ತಕ್ಷಣ ಹದಿನೈದಕ್ಕೆ ಇಳಿಸಬೇಕು. ಎರಡೂವರೆ ತಾಸಿನ ಸಿನಿಮಾ ಪೂರ್ತಿ ಇದೇ ಕೆಲಸ.

ಇದಕ್ಕೆ ಬರೋ ಉತ್ತರ ಏನು ಗೊತ್ತಾ? "ಅಜ್ಜಂಗೆ ಕಿವಿ ಮಂದ ಆಗಿದೆ." ಈ ಮಾತು ಕೇಳಿದರೆ ಮೈ ಉರೀತದೆ. ಅದೇ ಅಜ್ಜ ರೇಡಿಯೋದ ಪ್ರದೇಶ ಸಮಾಚಾರ ಒಂದು ಶಬ್ದ ಬಿಡದೆ ಕೇಳ್ತಾರೆ, ಟಿವಿ ವಾರ್ತೆಯೂ ಅವರಿಗೆ ಸಲೀಸಾಗಿ ತಿಳೀತದೆ. ಸಿನಿಮಾ ಬಂದಾಗ ಮಾತ್ರ ಕಿವಿ ಕೆಡೋದು ಹೇಗೆ? ಕೆಟ್ಟಿರೋದು ಸಿನಿಮಾದ ಸೌಂಡ್ ಮಿಕ್ಸಿಂಗ್, ಅಂದರೆ ಮಾತು, ಸಂಗೀತ, ಉಳಿದ ಸದ್ದು ಯಾವುದು ಎಷ್ಟು ಕೇಳಬೇಕು ಅಂತ ಹೊಂದಿಸೋ ಕೆಲಸ.

ಥಿಯೇಟರಿಗೆ ಮಿಕ್ಸ್ ಮಾಡುವಾಗ ಪರದೆ ಹಿಂದಿನ ಒಂದೊಂದು ಸ್ಪೀಕರನ್ನೂ 85 ಡೆಸಿಬೆಲ್ ಮಟ್ಟಕ್ಕೆ ಹೊಂದಿಸಿಕೊಂಡು ಕೂರ್ತಾರೆ. ಗೋಡೆಗೆಲ್ಲ ಸದ್ದು ಹೀರುವ ಹೊದಿಕೆ ಹಾಕಿದ, ಹೊರಗಿನ ಸದ್ದು ಒಂದಿಷ್ಟೂ ಬಾರದ ಕೋಣೆ ಅದು. ಅಲ್ಲಿ ಪಿಸುಮಾತೂ ಸ್ಪಷ್ಟ. ಆ ಮಿಕ್ಸ್ ಸಾಮಾನ್ಯವಾಗಿ 5.1, ಅಂದರೆ ಆರು ದಾರಿಯ ಸದ್ದು: ಎಡ, ಬಲ, ನಡು, ಹಿಂದಿನ ಎರಡು, ಜೊತೆಗೆ ಗುಡುಗಿನಂಥ ಸದ್ದಿಗೆ ಒಂದು ಸಬ್‌ವೂಫರ್. ಮಾತು ಹೆಚ್ಚೂಕಡಿಮೆ ಪೂರ್ತಿ ನಡುವಿನದರಲ್ಲೇ ಇರ್ತದೆ. ಮನೆಗೆ ಅಂತ ಬೇರೆ ಮಿಕ್ಸ್ ಮಾಡಬೇಕು, ಅದಕ್ಕೆ ಸ್ಟುಡಿಯೋ ಬಾಡಿಗೆ, ಒಂದೆರಡು ದಿನದ ಹೆಚ್ಚಿನ ಕೆಲಸ. ಅದನ್ನು ಉಳಿಸಲಿಕ್ಕೆ ಹೋಗಿ ಎಷ್ಟೋ ಸಲ ಥಿಯೇಟರಿನದ್ದನ್ನೇ ಒಟಿಟಿಗೆ ತಳ್ಳಿಬಿಡ್ತಾರೆ. ನಮ್ಮ ಟಿವಿಗೆ ಇರೋದು ಎರಡೇ ಸ್ಪೀಕರು, ತಲಾ ಎಂಟೋ ಹತ್ತೋ ವ್ಯಾಟಿನವು, ಅದೂ ನೆಲಕ್ಕೆ ಮುಖ ಮಾಡಿಕೊಂಡಿರುವಂಥವು. ಆರು ದಾರಿಯದ್ದನ್ನು ಎರಡಕ್ಕೆ ಮಡಚುವಾಗ ನಡುವಿನ ಮಾತು 3 ಡೆಸಿಬೆಲ್ ಕಡಿಮೆಯಾಗಿ ಎಡಕ್ಕೂ ಬಲಕ್ಕೂ ಸೇರ್ತದೆ. ಅದೇ ಎರಡು ಸ್ಪೀಕರಿಗೆ ಹಿನ್ನೆಲೆ ಸಂಗೀತ, ಗಾಳಿ ಸದ್ದು, ಕಾಡಿನ ಜೀರುಂಡೆ ಎಲ್ಲ ಬಂದು ಬೀಳ್ತದೆ. ಥಿಯೇಟರಿನಲ್ಲಿ ಬೇರೆ ಬೇರೆ ದಿಕ್ಕಿನಿಂದ ಬರ್ತಿದ್ದದ್ದು ಇಲ್ಲಿ ಮಾತಿನ ತಲೆ ಮೇಲೇ ಕೂರ್ತದೆ.

ನೆಟ್‌ಫ್ಲಿಕ್ಸ್‌ನಂಥವರು ಮಾತಿನ ಸರಾಸರಿ ಮಟ್ಟ ಮೈನಸ್ 27 ಎಲ್‌ಕೆಎಫ್‌ಎಸ್ (ಸದ್ದು ಕಿವಿಗೆ ಎಷ್ಟು ಜೋರು ಅನ್ನೋದರ ಅಳತೆ) ಇರಬೇಕು, ಎರಡು ಅಂಕ ಆಚೀಚೆ ಆಗಬಹುದು ಅಂತ ನಿಯಮವನ್ನೇ ಬರೆದಿಟ್ಟಿದ್ದಾರೆ. ಒಳ್ಳೇದು. ಆದರೆ ಅದು ಇಡೀ ಸಿನಿಮಾದ ಸರಾಸರಿ. ಕೂಗಾಟ ಮೇಲೆ, ಗುಸುಗುಸು ಕೆಳಗೆ ಇದ್ದರೂ ಲೆಕ್ಕ ಸರಿಯಾಗ್ತದೆ. ನಾಯಕ ಗಂಟಲೊಳಗೇ ಗೊಣಗಿದರೆ ಸಹಜ ಅಭಿನಯ ಅನ್ನೋ ಕಾಲ ಇದು, ಅವನ ಗೊಣಗಾಟವನ್ನು ಯಾವ ಸರಾಸರಿಯೂ ಮೇಲೆತ್ತೋದಿಲ್ಲ.

ಇದರ ಮೇಲೆ ನಮ್ಮ ಮಳೆ. ಕಾರವಾರದ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಬೀಳ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹಂಚಿನ ಮಾಡು, ಅಂಗಳದ ಬದಿಗೆ ತಗಡಿನ ಶೀಟು. ಕನ್ನಡದ ಮಾತು ಸ್ಪಷ್ಟವಾಗಿ ತಿಳಿಯಲಿಕ್ಕೆ ವ್ಯಂಜನಗಳು ಬೇಕು. ಸ, ಶ, ಚ, ತ, ಟ ಇವುಗಳ ಗುರುತು ಹೆಚ್ಚಾಗಿ 2,000 ಹರ್ಟ್ಸಿಗಿಂತ ಮೇಲೆ, ಅಂದರೆ ತೀಕ್ಷ್ಣ ಸದ್ದಿನಲ್ಲಿ. ಶೀಟಿನ ಮೇಲಿನ ಮಳೆ ಸದ್ದು ಮುಚ್ಚಿಹಾಕೋದು ಅದನ್ನೇ, ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳೋದೂ ಅದನ್ನೇ. ಹಾಗಾಗಿ ವಾಲ್ಯೂಮ್ ಏರಿಸಿದಷ್ಟೂ ಆ, ಓ, ಊ ಮತ್ತು ಡ್ರಮ್ಮು ದೊಡ್ಡದಾಗ್ತವೆ, ಮಾತು ಮಾತ್ರ ಅಲ್ಲೇ ಇರ್ತದೆ.

ವೇಷ, ಕುಣಿತ ಇಲ್ಲದೆ ಕೂತಲ್ಲೇ ಹಾಡು, ಮಾತಿನಲ್ಲಿ ನಡೆಯುವ ನಮ್ಮ ತಾಳಮದ್ದಳೆ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಭಾಗವತರ ಪದ್ಯ ಮುಗಿದು ಅರ್ಥಧಾರಿ ಬಾಯಿ ತೆರೆದರೆ ಚೆಂಡೆ, ಮದ್ದಳೆ ಎರಡೂ ಸುಮ್ಮನಾಗ್ತವೆ, ಶ್ರುತಿ ಮಾತ್ರ ಹಿಂದಿರ್ತದೆ. ಮಾತು ಮುಗಿದ ಮೇಲೆ ಮತ್ತೆ ಪೆಟ್ಟು. ಕಟ್ಟಕಡೆಯ ಸಾಲಿನಲ್ಲಿ ಕೂತವರಿಗೂ ಒಂದೊಂದು ಅಕ್ಷರ ಮುಟ್ಟಬೇಕು ಅನ್ನೋದು ಅಲ್ಲಿನ ಕಟ್ಟುಪಾಡು. ಸಿನಿಮಾದವರೋ, ತಾಯಿ ಸಾಯುವಾಗ ಹೇಳೋ ಕೊನೇ ಮಾತಿನ ಮೇಲೂ ನಲವತ್ತು ಪಿಟೀಲು ಹೇರ್ತಾರೆ. ಕತೆಯ ಗಂಟು ಇರೋದೇ ಆ ಮಾತಿನಲ್ಲಿ!

ಟಾಕೀಸಿಗೆ ಹೋಗಿ ನೋಡಿ ಅಂತೀರಾ? ಅಲ್ಲಿಯದ್ದು ಬೇರೆ ಗೋಳು. ಡಾಲ್ಬಿ ಪ್ರೊಸೆಸರಿನ ಫೇಡರ್, ಅಂದರೆ ಟಾಕೀಸಿನ ವಾಲ್ಯೂಮ್ ಗುಂಡಿ, 7ರಲ್ಲಿ ಇರಬೇಕು, ಮಿಕ್ಸ್ ಮಾಡಿದ್ದು ಆ ಮಟ್ಟಕ್ಕೆ. ಜಾಹೀರಾತು, ಟ್ರೇಲರು ಕಿವಿ ಒಡೆಯುವ ಹಾಗೆ ಬರ್ತವೆ ಅಂತ ಆಪರೇಟರು 5ಕ್ಕೆ ಇಳಿಸ್ತಾರೆ, ಸಿನಿಮಾ ಶುರುವಾದ ಮೇಲೆ ಏರಿಸೋದನ್ನು ಮರೀತಾರೆ. ಎರಡು ಅಂಕ ಇಳಿದರೆ ಹೆಚ್ಚೂಕಡಿಮೆ 7 ಡೆಸಿಬೆಲ್ ಹೋಯಿತು. ನಡುವಿನ ಸ್ಪೀಕರು ಇರೋದು ಪರದೆಯ ಹಿಂದೆ, ಸದ್ದು ಹೊರಬರೋದು ಪರದೆಯ ಸಣ್ಣ ಸಣ್ಣ ತೂತುಗಳಿಂದ. ಅವು ಧೂಳು ಕಟ್ಟಿಕೊಂಡರೆ ಮೊದಲು ಮಂಕಾಗೋದು ಸ, ಶ. ಸಮುದ್ರದ ಉಪ್ಪುಗಾಳಿಗೆ ಕನೆಕ್ಟರು ತುಕ್ಕು ಹಿಡಿದು, ತೀಕ್ಷ್ಣ ಸದ್ದು ಹೊರಡಿಸುವ ಮೇಲಿನ ಹಾರ್ನ್ ಸತ್ತುಹೋಗಿದ್ದರೆ ಕೇಳೋದೇ ಬೇಡ, ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳ್ತದೆ. ಮಧ್ಯಂತರದಲ್ಲಿ ಹೋಗಿ "ಫೇಡರ್ ಎಷ್ಟರಲ್ಲಿದೆ, 6ಕ್ಕಾದರೂ ಇಡಿ" ಅಂತ ನಂಬರ್ ಹೇಳಿಯೇ ಕೇಳಬೇಕು. ಬರೀ "ಸೌಂಡ್ ಇಲ್ಲ" ಅಂದರೆ ಯಾರೂ ಎದ್ದು ನೋಡೋದಿಲ್ಲ.

ಮನೆಯಲ್ಲಿ ದೂರು ಹೇಳಿದ ಕೂಡಲೇ "ಸೌಂಡ್‌ಬಾರ್ ತಗೊಳ್ಳಿ" ಅನ್ನೋರು ತಯಾರಾಗಿರ್ತಾರೆ. ಅಂಗಡಿಯವರು ಅಗ್ಗಕ್ಕೆ ಕೊಡೋದು 2.1, ಅಂದರೆ ಎರಡು ಸ್ಪೀಕರು, ಒಂದು ಸಬ್‌ವೂಫರ್. ಅದರಲ್ಲಿ ಮಾತಿಗೆ ಅಂತ ಬೇರೆ ದಾರಿಯೇ ಇಲ್ಲ, ಬಾಸ್ ಮಾತ್ರ ಹೆಚ್ಚಾಗಿ ಇದ್ದ ಮಾತೂ ಮುಳುಗ್ತದೆ. ದುಡ್ಡು ಹಾಕೋದೇ ಆದರೆ 3.1 ಅಂತ ಕೇಳಿ ತನ್ನಿ, ಅದರಲ್ಲಿ ನಡುವಿನ ಸ್ಪೀಕರ್ ಪ್ರತ್ಯೇಕ, ಅದೊಂದನ್ನೇ ಏರಿಸಬಹುದು. ಆ ಖರ್ಚಿಗೆ ಇಳಿಯೋ ಮೊದಲು ಇಷ್ಟು ಮಾಡಿ. ಸಿನಿಮಾ ಓಡುವಾಗ ಆಡಿಯೋ ಮೆನುವಿನಲ್ಲಿ "ಕನ್ನಡ 5.1" ಮತ್ತು ಬರೀ "ಕನ್ನಡ" ಎರಡೂ ಇದ್ದರೆ ಬರೀ "ಕನ್ನಡ" ಆರಿಸಿ, ಅದು ಸ್ಟೀರಿಯೋ. ಟಿವಿಯ ಸೌಂಡ್ ಮೋಡ್ "ಸಿನಿಮಾ" ಅಂತ ಇದ್ದರೆ ತೆಗೆದು "ಕ್ಲಿಯರ್ ವಾಯ್ಸ್" ಅಥವಾ "ನ್ಯೂಸ್" ಇಡಿ. ಸರೌಂಡ್ ಎಫೆಕ್ಟ್ ಆಫ್, ಆಟೋ ವಾಲ್ಯೂಮ್ ಅಥವಾ ನೈಟ್ ಮೋಡ್ ಆನ್. ಈಕ್ವಲೈಜರ್ (ದಪ್ಪ ಸದ್ದು, ತೀಕ್ಷ್ಣ ಸದ್ದು ಬೇರೆ ಬೇರೆಯಾಗಿ ಏರಿಳಿಸೋ ಪಟ್ಟಿ) ಇದ್ದರೆ 100 ಹರ್ಟ್ಸ್ ಮೂರ್ನಾಲ್ಕು ಮೆಟ್ಟಿಲು ಕೆಳಗೆ, 3 ಕಿಲೋಹರ್ಟ್ಸ್ ಅಷ್ಟೇ ಮೇಲೆ. ಟಿವಿಯನ್ನು ಶೋಕೇಸಿನ ಗೂಡಿನೊಳಗೆ ತುರುಕಿ ಕೆಳಗೆ ಕಸೂತಿ ಬಟ್ಟೆ ಹಾಸಬೇಡಿ, ಕೆಳಮುಖದ ಸ್ಪೀಕರಿನ ಸದ್ದನ್ನು ಬಟ್ಟೆ ನುಂಗ್ತದೆ. ಹಿರಿಯರ ಹತ್ತಿರ ಬ್ಲೂಟೂತ್ ಸ್ಪೀಕರ್ ಇಟ್ಟರೆ ಮಾತು ತುಟಿಗಿಂತ ತಡವಾಗಿ ಬರ್ತದೆ, ಆ ಕಾಟಕ್ಕಿಂತ ವೈರ್ ಇರುವ ಹೆಡ್‌ಫೋನೇ ವಾಸಿ.

ಆದರೂ ಇದೆಲ್ಲ ನಾವು ಯಾಕೆ ಮಾಡಬೇಕು? ಚಂದಾ ಕಟ್ಟಿದ್ದು ರಿಪೇರಿ ಕೆಲಸ ಮಾಡಲಿಕ್ಕಲ್ಲ.

ಕನ್ನಡ ಸಬ್‌ಟೈಟಲ್ ಇದ್ದಿದ್ದರೆ ಅರ್ಧ ಗೋಳು ತಪ್ಪುತ್ತಿತ್ತು. ಸಬ್‌ಟೈಟಲ್ ಒತ್ತಿದರೆ ಎಷ್ಟೋ ಕನ್ನಡ ಸಿನಿಮಾಗಳಿಗೆ ಬರೋದು ಇಂಗ್ಲಿಷ್ ಒಂದೇ. ಕನ್ನಡ ಸಿನಿಮಾ, ಕನ್ನಡದ ಮನೆ, ಕನ್ನಡ ಓದಲಿಕ್ಕೆ ಬರುವ ಅಜ್ಜಿ, ಪರದೆ ಮೇಲೆ ಇಂಗ್ಲಿಷ್! ಇದಕ್ಕಿಂತ ದೊಡ್ಡ ಅವಮಾನ ಯಾವುದು? ದೊಡ್ಡ ಕೆಲಸವೂ ಅಲ್ಲ ಅದು. ಇಂಗ್ಲಿಷ್ ಸಬ್‌ಟೈಟಲ್ ಮಾಡುವಾಗಲೇ ಯಾವ ಸಾಲು ಯಾವ ಸೆಕೆಂಡಿಗೆ ಬಂದು ಯಾವ ಸೆಕೆಂಡಿಗೆ ಹೋಗಬೇಕು ಅನ್ನೋದು ನಿಗದಿಯಾಗಿರ್ತದೆ. ಅನುವಾದಕರ ಕೈಗೆ ಕೊಟ್ಟ ಕನ್ನಡ ಸಂಭಾಷಣೆ ಕಡತದಲ್ಲಿ ಇದ್ದೇ ಇರ್ತದೆ. ಅದೇ ಸಮಯಕ್ಕೆ ಮೂಲದ ಸಾಲು ಕೂರಿಸಿದರೆ ಆಯಿತು. ಇಡೀ ಸಿನಿಮಾದ ಫೈಲು ಕೆಲವು ನೂರು ಕೆಬಿ, ಮೊಬೈಲಿನಲ್ಲಿ ತೆಗೆದ ಒಂದು ಫೋಟೋದಷ್ಟೂ ಇಲ್ಲ. ಶ್ರವಣದೋಷ ಇರುವವರಿಗೆ ಥಿಯೇಟರಿನಲ್ಲಿ ಸಿನಿಮಾ ತಲುಪಬೇಕು ಅಂತ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಹಾಗಿದ್ದೂ ನಮ್ಮ ನಿರ್ಮಾಪಕರಿಗೆ ಒಂದು ಕನ್ನಡ ಫೈಲು ಸೇರಿಸಲಿಕ್ಕೆ ಮನಸ್ಸಿಲ್ಲ.

ಮುಂದಿನ ಸಲ ಸಿನಿಮಾಕ್ಕೆ ಐದಕ್ಕೆ ಇಷ್ಟು ಅಂತ ಅಂಕ ಕೊಡೋರು ಎರಡು ವಿಷಯ ಸೇರಿಸಿ ಬರೀರಿ: ಟಿವಿಯ ಸ್ವಂತ ಸ್ಪೀಕರಿನಲ್ಲಿ ಮಾತು ತಿಳೀತದಾ, ಕನ್ನಡ ಸಬ್‌ಟೈಟಲ್ ಇದೆಯಾ. ಕ್ಯಾಮೆರಾ ಕೈಚಳಕದ ವರ್ಣನೆ ಆಮೇಲೆ ಓದ್ತೇವೆ.