ಗಟ್ಟಿಯಾಗಿ ಅಲ್ಲ, ನಿಧಾನವಾಗಿ ಹೇಳಿ

ವಯಸ್ಸಾದವರಿಗೆ ವೇಗದ ಮಾತು ಹಿಡಿಯೋಕೆ ಯಾಕೆ ಕಷ್ಟ ಅನ್ನುವ ಲೇಖನ ಇಷ್ಟವಾಯ್ತು. ಆದರೆ ಎಲ್ಲವನ್ನೂ ಕಿವಿ ಮಂದವಾಗೋದರ ಮೇಲೆ ಹಾಕಿದ್ದು ಸರಿಯಲ್ಲ. ಶ್ರವಣ ಪರೀಕ್ಷೆಯಲ್ಲಿ ಎಲ್ಲ ಸರಿಯಿದೆ ಅಂತ ಬಂದವರಿಗೂ ಈ ತೊಂದರೆ ಇರುತ್ತದೆ.

ಒಂದೇ ಸಮನೆ ಬರುವ ಸದ್ದಿನ ನಡುವೆ 2-3 ಮಿಲಿಸೆಕೆಂಡು ಬಿಡುವು ಕೊಟ್ಟರೂ ಹರೆಯದವರಿಗೆ ಗೊತ್ತಾಗುತ್ತದೆ. ವಯಸ್ಸಾದಂತೆ ಇನ್ನೂ ದೊಡ್ಡ ಬಿಡುವು ಬೇಕು. ಮಾತಿನೊಳಗೂ ಇಂಥ ಬಿಡುವುಗಳಿವೆ: ‘ಕತೆ’, ‘ಕತ್ತೆ’ ಅಂತ ಹೇಳಿ ನೋಡಿ. ಎರಡನ್ನೂ ಬೇರೆ ಮಾಡೋದು ಮುಖ್ಯವಾಗಿ ನಾಲಿಗೆ ಹಲ್ಲಿಗೆ ಅಂಟಿಕೊಂಡಾಗಿನ ಆ ಚಿಕ್ಕ ಮೌನದ ಉದ್ದ. ಮಾತು ಓಡಿದರೆ ಈ ಮೌನವೂ ಕುಗ್ಗುತ್ತದೆ, ಅಲ್ವಾ? ಆಗ ಸುಮ್ನೆ ಕೂಗಿದರೆ ಪ್ರಯೋಜನ ಕಡಿಮೆ.

ಅಭ್ಯಾಸದಿಂದ ಲಾಭ ಖಂಡಿತ ಇದೆ. ವೇಗ ಹೆಚ್ಚಿಸಿದ ಮಾತನ್ನು ಕೇಳಿಸಿದರೆ ಕೆಲವೇ ವಾಕ್ಯಗಳಲ್ಲಿ ಕಿವಿ ಹೊಂದಿಕೊಳ್ಳುತ್ತದೆ, ಹಿರಿಯರದ್ದೂ ಕೂಡ. ಕಣ್ಣು ಕಾಣದ ಎಷ್ಟೋ ಜನ ಸ್ಕ್ರೀನ್ ರೀಡರನ್ನು (ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶ) ನಮಗೆ ಒಂದಕ್ಷರವೂ ತಿಳಿಯದಷ್ಟು ವೇಗವಾಗಿ ಓಡಿಸಿ ಕೇಳುತ್ತಾರೆ. ಆದರೆ ಬರೀ ಟಿಕ್ ಟಿಕ್ ಸದ್ದಿನ ಮೇಲೆ ಪಳಗಿದ ಕಿವಿ ಮಾತಿನಲ್ಲೂ ಅಷ್ಟೇ ಚುರುಕಾಗುತ್ತದೆ ಅನ್ನೋ ಭರವಸೆ ಇಲ್ಲ. ಅದಕ್ಕೇ ಹಿರಿಯರಿಗೆ ಬೀಪ್ ಸದ್ದಿನ ಆಟಗಳಿಗಿಂತ ನಿಜವಾದ ಮಾತನ್ನೇ ಸ್ವಲ್ಪ ಸ್ವಲ್ಪ ವೇಗ ಏರಿಸಿ ಕೇಳಿಸೋದು ಒಳ್ಳೇದು ಅಂತ ನನಗನಿಸುತ್ತದೆ.