ಗದಗಿನ ಗಾಳಿ ಬ್ಯಾಟರಿಯಲ್ಲಿ ನಿಲ್ಲುತ್ತದಾ?

ಪ್ರಶ್ನೆ: ಗಾಳಿ, ಬಿಸಿಲಿನ ಕರೆಂಟು ಕೂಡಿಡಲು ದೊಡ್ಡ ಬ್ಯಾಟರಿಗಳಿಗೆ ಈಗಲೇ ದುಡ್ಡು ಹಾಕಬೇಕೇ?

ಪರ
(ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ನಡೆಸುವವರು)

ನಮ್ಮೂರು ಮುಂಡರಗಿ ಹತ್ತಿರ. ಬದುವಿನ ಮೇಲೆ ನಿಂತರೆ ಕಪ್ಪತಗುಡ್ಡದ ಕಡೆ ಗಾಳಿ ಫ್ಯಾನುಗಳು ಕಾಣುತ್ತವೆ. ಆದರೆ ನಮ್ಮ ಪಂಪ್‌ಸೆಟ್‌ಗೆ ತ್ರೀ ಫೇಸ್ ಬರುತ್ತಿದ್ದದ್ದು ರಾತ್ರಿ ಪಾಳಿಯಲ್ಲಿ. ಅಪ್ಪ ಕೈಯಲ್ಲಿ ಬ್ಯಾಟರಿ ಹಿಡಿದು (ನಮ್ಮ ಕಡೆ ಟಾರ್ಚಿಗೂ ಬ್ಯಾಟರಿ ಅಂತಲೇ ಅನ್ನುವುದು) ಉಳ್ಳಾಗಡ್ಡಿಗೆ ನೀರು ಹಾಯಿಸಲು ಹೋಗುತ್ತಿದ್ದರು. ಒಮ್ಮೆ ಕಾಲುವೆಯಲ್ಲಿ ಹುಳ (ಹಾವು) ಅಡ್ಡ ಬಂತು. ಆವತ್ತಿನಿಂದ ಅಪ್ಪ ಮನೆಗೆ ಬರುವ ತನಕ ಅವ್ವ ಮಲಗುತ್ತಿರಲಿಲ್ಲ. "ಗುಡ್ಡದಾಗ ಫ್ಯಾನು ತಿರಗಾಕತ್ತೈತಿ, ಹಗಲಿನ್ಯಾಗ ನಮ್ಮ ಮೋಟರ್ ತಿರಗವಲ್ದು" ಅನ್ನುತ್ತಿದ್ದರು ಅಪ್ಪ.

ರಾತ್ರಿ ಬೀಸಿದ ಗಾಳಿಯ ಕರೆಂಟು ಬೆಳಗ್ಗೆ ಹತ್ತಕ್ಕೆ ಸಿಗಬೇಕು. ಅಷ್ಟೇ ನನ್ನ ವಾದ.

ತುಟ್ಟಿ ಅಂತಾರೆ. 2010ರಲ್ಲಿ ಒಂದು ಯೂನಿಟ್ ಹಿಡಿಸುವ ಲಿಥಿಯಂ ಬ್ಯಾಟರಿಗೆ ಸಾವಿರ ಡಾಲರ್ ಮೇಲಿತ್ತು. 2024ಕ್ಕೆ ಸುಮಾರು 115 ಡಾಲರಿಗೆ ಇಳಿಯಿತು. ಲಿಥಿಯಂನಲ್ಲೇ ಐರನ್ ಫಾಸ್ಫೇಟ್ ಜಾತಿಯದಕ್ಕೆ ಕೋಬಾಲ್ಟ್, ನಿಕ್ಕಲ್‌ನಂಥ ತುಟ್ಟಿ ಲೋಹ ಬೇಕಿಲ್ಲ. ದಿನಾ ತುಂಬಿ ಖಾಲಿ ಮಾಡಿದರೂ ಹತ್ತು ವರ್ಷ ಬಾಳುತ್ತದೆ. ದಕ್ಷಿಣ ಆಸ್ಟ್ರೇಲಿಯಾದವರು 2017ರಲ್ಲೇ ಗಾಳಿ ಫ್ಯಾನುಗಳ ಪಕ್ಕ 100 ಮೆಗಾವ್ಯಾಟ್ ಬ್ಯಾಟರಿ ಕೂರಿಸಿದರು. ನಾವು ಇನ್ನೂ ಚರ್ಚೆ ಮಾಡುತ್ತಿದ್ದೇವೆ.

ಬೆಂಕಿ ಹತ್ತುತ್ತದೆ ಅಂತಾರೆ. ಅಡುಗೆ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡವರ ಮಾತು ಇದು! ಎಲ್ಲ ಚೀನಾದ್ದು ಅಂತಾರೆ. ಅವರ ಕೈಯಲ್ಲಿರುವ ಮೊಬೈಲಿನ ಬ್ಯಾಟರಿ ಎಲ್ಲಿಂದ ಬಂತು? ಮಳೆಗಾಲದ ಗಾಳಿ ಬೇಸಿಗೆಗೆ ಉಳಿಯುತ್ತದಾ ಅಂತ ಕೇಳುವವರೂ ಇದ್ದಾರೆ. ಬೇಸಿಗೆಯ ಮಾತು ಯಾರು ತೆಗೆದರು? ನನಗೆ ರಾತ್ರಿಯದು ಹಗಲಿಗೆ ಸಿಕ್ಕರೆ ಸಾಕು.

ವಿರೋಧ
(ಧಾರವಾಡದ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು)

"ಸರ್, ವಿರೋಧ ಬರೆಯೋರು ಯಾರೂ ಸಿಗ್ತಿಲ್ಲ" ಎಂದು ಫೋನ್ ಬಂತು, ಒಪ್ಪಿಕೊಂಡೆ. ನಾನು ಓಡಿಸುವುದು ಇ-ಸ್ಕೂಟರನ್ನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಡೆ ಗಾಳಿ ಜೋರಾಗಿ ಬೀಸುವುದು ಜೂನ್‌ನಿಂದ ಸೆಪ್ಟೆಂಬರ್. ಇಂಥ ಬ್ಯಾಟರಿಗಳು ಹೆಚ್ಚಾಗಿ ಒಮ್ಮೆ ತುಂಬಿದರೆ ಎರಡರಿಂದ ನಾಲ್ಕು ತಾಸು ಪೂರ್ತಿ ಕರೆಂಟು ಕೊಡುವ ಲೆಕ್ಕದವು. ನಾಲ್ಕು ತಿಂಗಳ ಗಾಳಿಯನ್ನು ನಾಲ್ಕು ತಾಸಿನ ಡಬ್ಬಿಯಲ್ಲಿ ತುಂಬುವುದು ಹೇಗೆ? ಹಗಲು ನೀರು ಹಾಯಿಸಲು ಬಿಸಿಲಿನ ಕರೆಂಟೇ ಇದೆ, ನೇರವಾಗಿ ಕೊಟ್ಟರಾಯಿತು. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ಬ್ಯಾಟರಿ ಕಟ್ಟಡಕ್ಕೆ ಬೆಂಕಿ ಬಿದ್ದು, ಸುತ್ತಲಿನ ಜನ ಮನೆ ಬಿಟ್ಟು ಹೋಗಬೇಕಾಯಿತು. ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ ಇವನ್ನು ತಂಪಾಗಿಡಲೂ ಕರೆಂಟೇ ಸುಡಬೇಕು.

ಕರೆಂಟು ಕೂಡಿಡಲು ನೀರನ್ನು ಮೇಲೆತ್ತಿ, ಬೇಕಾದಾಗ ಇಳಿಸಿ ಕರೆಂಟು ತೆಗೆಯುವುದು ಹಳೆಯ, ಗಟ್ಟಿ ದಾರಿ. ನಾಲ್ಕು ಯೂನಿಟ್ ಹಾಕಿದರೆ ಸುಮಾರು ಮೂರು ವಾಪಸ್. ಆದರೆ ಶರಾವತಿ ಕಣಿವೆಯ ಇಂಥದೇ 2,000 ಮೆಗಾವ್ಯಾಟ್ ಯೋಜನೆಗೆ ಕಾಡು ಹೋಗುತ್ತದೆಂದು ಜಗಳ ನಡೆದಿದೆ. ಆ ಜಗಳದಲ್ಲಿ ನಾನು ಕಾಡಿನ ಕಡೆ. ಹಾಗಾಗಿ ಇದನ್ನು ಇಲ್ಲೇ ಬಿಡುತ್ತೇನೆ.

ನಮ್ಮ ಮನೆ ಇನ್ವರ್ಟರ್ ಬ್ಯಾಟರಿ ಮೂರನೇ ವರ್ಷಕ್ಕೇ ಕೈಕೊಟ್ಟಿತು. ಅದೂ ಮಗಳ ನಿಶ್ಚಿತಾರ್ಥದ ಸಂಜೆ. ಬೀಗರು ಕತ್ತಲಲ್ಲೇ ಉಪ್ಪಿಟ್ಟು ತಿಂದರು, ಉಪ್ಪು ಕಡಿಮೆ ಆಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಸೀಸದ ಬ್ಯಾಟರಿ ಅದು, ಲಿಥಿಯಂ ಅಲ್ಲ, ಒಪ್ಪುತ್ತೇನೆ. ಆದರೆ ಅಂಗಡಿಯವನು ಹಳೆಯದನ್ನು ತೂಗಿ, ಹೊಸದರ ಬೆಲೆಯಲ್ಲಿ ಅಷ್ಟು ದುಡ್ಡು ಮುರಿದುಕೊಂಡ. ಲಿಥಿಯಂ ಬ್ಯಾಟರಿ ಬಿಚ್ಚಿ ಲೋಹ ತೆಗೆಯುವ ಕೆಲಸ ನಮ್ಮಲ್ಲಿ ಇನ್ನೂ ಅಂಬೆಗಾಲಿಡುತ್ತಿದೆ. ಹತ್ತು ವರ್ಷದ ಮೇಲೆ ಮುಂಡರಗಿಯಲ್ಲಿ ಕಂಟೇನರುಗಟ್ಟಲೆ ಹಳೆ ಬ್ಯಾಟರಿ ನಿಂತರೆ, ಅವನ್ನು ತೂಗುವವರು ಯಾರು?