ಹುಬ್ಬಿನವರೆಗೆ ನಾನು

ಇಲಾಖಾ ಪರೀಕ್ಷೆಯ ಅರ್ಜಿಯಲ್ಲಿ ನನ್ನ ಹೆಸರು, ವಯಸ್ಸು, ಸೇವಾವಧಿ ಎಲ್ಲವನ್ನೂ ಒಪ್ಪಿಕೊಂಡ ಜಾಲತಾಣಕ್ಕೆ ಮುಖ ಮಾತ್ರ ಒಗ್ಗಲಿಲ್ಲ. ಫೋಟೊ 20ರಿಂದ 50 ಕೆಬಿ ಒಳಗಿರಬೇಕಂತೆ. ಸ್ಟುಡಿಯೊದವನು ಕಳುಹಿಸಿದ್ದು 112. ನಿನ್ನೆ ರಾತ್ರಿ ಹತ್ತೂವರೆಯಾಗಿತ್ತು, ಹನ್ನೆರಡಕ್ಕೆ ಗಡುವು.

ನನ್ನ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಟ್ಟವನು ಅಕ್ಕನ ಮಗ. ಮೌಸ್ ಕಂಡರೆ ಅವನು ಮಡಿ ಉಟ್ಟ ಅಜ್ಜಿಯಂತೆ ದೂರ ಸರಿಯುತ್ತಾನೆ. ಇಂದು ಯಾವ ವಾರ ಎಂದು ಕೇಳಿದರೂ ಗೋಡೆಯ ಕ್ಯಾಲೆಂಡರಿನತ್ತ ಕಣ್ಣೆತ್ತದೆ, ಆಜ್ಞೆ ಬರೆದು ಕೆಲಸ ಮಾಡಿಸುವ ಟರ್ಮಿನಲ್ ಪರದೆ ತೆರೆದು ‘ಕ್ಯಾಲ್’ ಎಂದು ಬರೆಯುತ್ತಾನೆ. ಫೋನ್ ಮಾಡಿದರೆ ಯಾವುದೋ ಆರತಕ್ಷತೆಯಲ್ಲಿದ್ದ. “ಒಂದೇ ಸಾಲಿನ ಕೆಲಸ ಮಾವ. ಗೊತ್ತಾಗದಿದ್ದರೆ ಮ್ಯಾನ್ ಹೊಡೆಯಿರಿ” ಎಂದು ಇಟ್ಟುಬಿಟ್ಟ. ಮ್ಯಾನ್ ಎಂದರೆ ಮನುಷ್ಯನಲ್ಲ, ಆಜ್ಞೆಗಳ ಕೈಪಿಡಿ. ಮನುಷ್ಯನೇ ಆಗಿದ್ದರೆ ಯಾರನ್ನು ಹೊಡೆಯಬೇಕೆಂದು ನನಗೆ ಗೊತ್ತಿತ್ತು.

ಹುಡುಕುತ್ತಾ ಹೋದಾಗ ‘ಟ್ರಂಕೇಟ್’ ಎಂಬ ಆಜ್ಞೆ ಸಿಕ್ಕಿತು. ಕಡತವನ್ನು ಹೇಳಿದ ಗಾತ್ರಕ್ಕೆ ಕುಗ್ಗಿಸುತ್ತದೆ ಅಥವಾ ಹಿಗ್ಗಿಸುತ್ತದೆ ಎಂದಿತ್ತು. ಇನ್ನೇನು ಬೇಕು! ‘50ಕೆ’ ಎಂದು ಬರೆದು ಎಂಟರ್ ಒತ್ತಿದೆ. ಟರ್ಮಿನಲ್ ತುಟಿ ಬಿಚ್ಚಲಿಲ್ಲ. ಕೆಲಸ ಸರಿಯಾಗಿದ್ದರೆ ಅದು ಮಾತನಾಡುವುದಿಲ್ಲವಂತೆ. ನಮ್ಮ ಮನೆಯಲ್ಲಿ ಮೌನಕ್ಕೆ ಬೇರೆಯೇ ಅರ್ಥವಿರುವುದರಿಂದ ಅನುಮಾನ ಬಂದು ಫೋಟೊ ತೆರೆದೆ.

ಬಕ್ಕತಲೆ ಇತ್ತು. ಹಣೆ ಇತ್ತು. ಹುಬ್ಬಿನಿಂದ ಕೆಳಗೆ ಬರೀ ಬೂದು ಬಣ್ಣ. ಟ್ರಂಕೇಟ್ ಎಂಬ ಪುಣ್ಯಾತ್ಮ ಚಿತ್ರವನ್ನು ಕುಗ್ಗಿಸಿರಲಿಲ್ಲ. 50 ಕೆಬಿ ಅಳೆದುಕೊಂಡು ಮಿಕ್ಕಿದ್ದನ್ನು ಕಡಿದು ಹಾಕಿದ್ದ. ಜೆಪೆಗ್ ಚಿತ್ರ ಮೇಲಿನಿಂದ ಕೆಳಕ್ಕೆ ಬರೆದಿಟ್ಟದ್ದಾದ್ದರಿಂದ, ಹದಿನೈದು ವರ್ಷದಿಂದ ನಾನು ಅಡ್ಡಡ್ಡ ಬಾಚಿ ಮುಚ್ಚಿಟ್ಟಿದ್ದೇ ನನ್ನ ಪಾಲಿಗೆ ಉಳಿದಿತ್ತು. ಹೆಂಡತಿ ಇಣುಕಿ ನೋಡಿ, “ಗುರುತು ಸಿಗುತ್ತದೆ ಬಿಡಿ” ಎಂದಳು. ಸಿಟ್ಟಿಗೆ ಅದನ್ನೇ ಏರಿಸಿದೆ. ಹಸಿರು ಗುರುತು! ಪೂರ್ತಿ ಮುಖವನ್ನು ಮೂರು ಸಲ ತಿರಸ್ಕರಿಸಿದ ತಾಣ ಬರೀ ಬುರುಡೆಯನ್ನು ಕಣ್ಣುಮುಚ್ಚಿ ಒಪ್ಪಿಕೊಂಡಿತು.

ಹಿಂದೆ ಅರ್ಜಿಗೆ ಫೋಟೊ ದೊಡ್ಡದಾದರೆ ಅಮ್ಮ ಹೊಲಿಗೆ ಯಂತ್ರದ ಕತ್ತರಿಯಿಂದ ಅಂಚು ಕತ್ತರಿಸಿ, ಅನ್ನದ ಅಗುಳಿನಿಂದ ಅಂಟಿಸಿಕೊಡುತ್ತಿದ್ದಳು. ಒಮ್ಮೆಯೂ ಕಿವಿಗೆ ಕತ್ತರಿ ತಾಗಿಸಿದವಳಲ್ಲ.

ಹನ್ನೊಂದೂಕಾಲಿಗೆ ಅಳಿಯ, ಚಿತ್ರ ತಿದ್ದುವ ತಂತ್ರಾಂಶವಾದ ಇಮೇಜ್‌ಮ್ಯಾಜಿಕ್‌ನ ಒಂದು ಸಾಲಿನ ಆಜ್ಞೆ ಕಳುಹಿಸಿದ, ಜೊತೆಗೆ ಬುದ್ಧಿಮಾತು: “ಇಳಿಸಬೇಕಾದದ್ದು ಗುಣಮಟ್ಟವನ್ನು ಮಾವ, ತಲೆಯನ್ನಲ್ಲ.” ಸ್ಟುಡಿಯೊದವನ ಸಂದೇಶದಿಂದ ಫೋಟೊವನ್ನು ಮತ್ತೆ ಇಳಿಸಿಕೊಂಡು ಆ ಸಾಲನ್ನು ಅಂಟಿಸಿದೆ. 49 ಕೆಬಿ. ಮುಖ ತುಸು ಮಸುಕಾಯಿತು, ಆದರೆ ಗಲ್ಲದವರೆಗೂ ಇತ್ತು.

ಮುಗಿಯಿತು ಎಂದುಕೊಂಡರೆ ಸಹಿಯ ತಕರಾರು. ಕನಿಷ್ಠ 10 ಕೆಬಿ ಬೇಕು, ನನ್ನದು 8. ನಾಲ್ಕು ಗೀಟಿನ ಸಹಿ ಎಷ್ಟು ತಾನೇ ತೂಗೀತು? ಆಗ ಕೈಪಿಡಿಯ ಇನ್ನೊಂದು ಮಾತು ನೆನಪಾಯಿತು: ಹಿಗ್ಗಿಸುತ್ತದೆ. ‘12ಕೆ’ ಎಂದು ಕೊಟ್ಟೆ. ಅದು ಕಡತದ ಬಾಲಕ್ಕೆ ಸೊನ್ನೆಗಳನ್ನು ಸುರಿದು ಭರ್ತಿ ಮಾಡಿತು. ಸಹಿ ಇದ್ದ ಹಾಗೇ ತೆರೆಯಿತು, ತಾಣವೂ ಒಪ್ಪಿತು.

ನನ್ನ ಸಹಿಯ ಹಿಂದೆ ಈಗ ನಾಲ್ಕು ಸಾವಿರ ಚಿಲ್ಲರೆ ಸೊನ್ನೆಗಳಿವೆ. ಸಂಬಳದ ಚೀಟಿಯಲ್ಲಿ ನಾಲ್ಕನ್ನು ಕಾಣುವುದಕ್ಕೇ ಇಪ್ಪತ್ತು ವರ್ಷ ಹಿಡಿದಿತ್ತು.